ಮೊಣಕೈವರೆಗಿನ ಬಣ್ಣ

ಬ್ಲೀಚಿಂಗ್ ತೊಟ್ಟಿಯ ಮುಂದೆ ಹನ್ನೊಂದು ವರ್ಷ ನಿಂತ ಮೇಲೆ ಅವಳ ಕೈಗಳು ಅವಳವು ಅನ್ನಿಸುತ್ತಿರಲಿಲ್ಲ. ಮುಖ, ಕುತ್ತಿಗೆ, ತೋಳು, ಕಾಲು, ಎಲ್ಲ ಒಂದೇ ಸಮ ಮಿರಿಮಿರಿ ಕಪ್ಪು. ಮೊಣಕೈಯಿಂದ ಕೆಳಗೆ ಮಾತ್ರ ಬೇರೆ ಯಾರದೋ ಕೈ ತಂದು ಹೊಲಿದ ಹಾಗೆ ಮಾಸಲು ಕಂದು. ಚರ್ಮ ಸುಲಿಯುವುದು, ಬರುವುದು, ಪೂರ್ತಿ ಬರುವುದರೊಳಗೆ ಮತ್ತೆ ಸುಲಿಯುವುದು. ಉಗುರಿನ ಸುತ್ತ ಸದಾ ಉರಿ. ಊಟಕ್ಕೆ ಕೂತರೆ ಖಾರ ಮುಟ್ಟುವಂತಿಲ್ಲ. ಚಮಚ ಹಿಡಿದು ತಿನ್ನುತ್ತಿದ್ದಳು.

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ. ಯಂತ್ರಗಳು ಇದ್ದವು. ಆದರೆ ರಕ್ತದ ಕಲೆ, ಕೀವಿನ ಕಲೆ ಯಂತ್ರಕ್ಕೆ ಹೋಗುವ ಮುಂಚೆ ಕೈಯಲ್ಲೇ ಹೋಗಬೇಕು. ಉದ್ದನೆಯ ಸಿಮೆಂಟಿನ ತೊಟ್ಟಿ, ಅದರ ಎರಡೂ ಬದಿಗೆ ಹೆಂಗಸರು, ಮೊಣಕೈವರೆಗೆ ಬ್ಲೀಚಿಂಗ್ ನೀರು. ಗ್ಲೌಸು ಕೇಳಿದರೆ ಮಾಲೀಕರು, "ಗ್ಲೌಸ್ ಹಾಕ್ಕೊಂಡ್ರೆ ಬಟ್ಟೆ ಕೈಲಿ ನಿಲ್ಲಲ್ಲಮ್ಮ, ಜಾರುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳೋದು" ಎನ್ನುತ್ತಿದ್ದರು. ಅವರು ನಿಮ್ಮ ಒಳ್ಳೇದಕ್ಕೆ ಎಂದಾಗಲೆಲ್ಲ ಅವಳು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು. ಅದು ಅಭ್ಯಾಸವಾಗಿ ಹೋಗಿತ್ತು.

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇದ್ದಿಲು ಎಂದೇ ಕರೆಯುತ್ತಿದ್ದರು. ಹೀಯಾಳಿಸಲಿಕ್ಕಲ್ಲ. ಆ ಹೆಸರು ಒಂದು ಪುಸ್ತಕದಿಂದ ಬಂದದ್ದು.

ಶಾಲೆಗೆ ಹೋದ ಪ್ರತಿಯೊಬ್ಬರೂ ಓದಿದ್ದ ಹಳೆಯ ಕಾದಂಬರಿ ಅದು. ದೊಡ್ಡ ಮನೆಯೊಂದರಲ್ಲಿ ಬಟ್ಟೆ ಒಗೆಯುವ ಹೆಂಗಸಿನ ಕಥೆ. ಬರೆದವರು ತೀರಿಕೊಂಡು ನೂರು ವರ್ಷವಾಗಿತ್ತು. ಮೊದಲ ಪುಟದ ಎರಡನೆಯ ಸಾಲಿನಲ್ಲೇ ಆ ಹೆಂಗಸು ಉರಿದು ಆರಿದ ಇದ್ದಿಲಿನಷ್ಟು ಕಪ್ಪು ಎಂದು ಬರೆದಿತ್ತು. ಶಾಲೆಯಲ್ಲಿ ಆ ಸಾಲು ಬಂದಾಗ ಇಡೀ ತರಗತಿ ತಿರುಗಿ ಅವಳನ್ನು ನೋಡಿತ್ತು. ಅವಳಿಗೆ ನಾಚಿಕೆಯಾಗಲಿಲ್ಲ. ಪುಸ್ತಕದೊಳಗೆ ತನ್ನಂಥವಳೊಬ್ಬಳು ಇದ್ದಾಳೆ ಎಂದು ಅವಳಿಗೆ ಗೊತ್ತಾದದ್ದು ಅವತ್ತೇ.

ಲಾಂಡ್ರಿಯ ಸಂಘದವರು ಪ್ರತಿ ವರ್ಷ ಇಸ್ತ್ರಿ ಮನೆಯ ಮೇಜುಗಳನ್ನು ಒತ್ತಟ್ಟಿಗೆ ಸೇರಿಸಿ ಆ ಕಥೆಯನ್ನು ನಾಟಕವಾಡುತ್ತಿದ್ದರು. ಎಂಟು ವರ್ಷದಿಂದ ಆ ಹೆಂಗಸಿನ ಪಾತ್ರ ಇವಳದೇ. ಕಡೆಯ ಭಾಗದಲ್ಲಿ ಮನೆಯೊಡತಿಯ ಸರ ಕಳೆದುಹೋಗಿ, ಕಳ್ಳಿ ಎಂದು ಇವಳನ್ನು ಅಂಗಳದಲ್ಲಿ ನಿಲ್ಲಿಸುತ್ತಾರೆ. "ಕೈ ತೋರಿಸು" ಎನ್ನುತ್ತಾರೆ. ಅವಳು ಒಂದು ಮಾತೂ ಆಡದೆ ಎರಡು ಕೈಯನ್ನೂ ಮುಂದೆ ಚಾಚುತ್ತಾಳೆ. ಒಗೆದು ಒಗೆದು ಗೆರೆಯೇ ಅಳಿಸಿಹೋದ ಅಂಗೈ. ಅಲ್ಲಿಗೆ ಕಥೆ ಮುಗಿಯುತ್ತದೆ. ಪ್ರತಿ ವರ್ಷ ಜನ ಅಳುತ್ತಿದ್ದರು. ಪ್ರತಿ ವರ್ಷ ಅವಳಿಗೆ ಕೈ ಚಾಚುವ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತಿತ್ತು: ಇವಳು ಯಾಕೆ ತೋರಿಸುತ್ತಾಳೆ? ಯಾರನ್ನೂ ಕೇಳಿರಲಿಲ್ಲ.

ಆ ವರ್ಷದ ನಾಟಕಕ್ಕೆ ಸಿನಿಮಾ ನಿರ್ದೇಶಕರು ಬಂದರು. ಆ ಕಾದಂಬರಿಯನ್ನು ದೊಡ್ಡದಾಗಿ ತೆಗೆಯುತ್ತಿದ್ದಾರೆ ಎಂದು ಪೇಪರಿನಲ್ಲೆಲ್ಲ ಬಂದಿತ್ತು. ನಾಟಕ ಮುಗಿದ ಮೇಲೆ ಅವರು ಅವಳ ಹತ್ತಿರ ಬಂದು, ತಲೆಯಿಂದ ಕಾಲಿನವರೆಗೆ ನೋಡಿ, "ಅದ್ಭುತ. ನೀವು ನಮಗೆ ಬೇಕು" ಎಂದರು. ಏನಕ್ಕೆ ಬೇಕು ಎಂದು ಹೇಳಲಿಲ್ಲ.

ವಾರದೊಳಗೆ ಅವರ ಮ್ಯಾನೇಜರು ಲಾಂಡ್ರಿಗೆ ಬಂದು ಮಾಲೀಕರ ಜೊತೆ ಮಾತಾಡಿ, "ಗುರುವಾರ ಟೆಸ್ಟ್ ಇದೆಯಮ್ಮ, ಬಂದುಬಿಡು" ಎಂದು ಹೇಳಿ ಹೋದರು. ತೊಟ್ಟಿಯ ಸುತ್ತ ಸುದ್ದಿ ಹಬ್ಬಿತು. ತೊಟ್ಟಿಯಲ್ಲಿ ಎಲ್ಲರಿಗಿಂತ ಹಿರಿಯಳನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಆಕೆ ಕೈ ಒರೆಸಿಕೊಳ್ಳುತ್ತ, "ನಾಳೆಯಿಂದ ನೀನು ಕಾರಲ್ಲಿ ಬರ್ತೀಯ. ನಮ್ಮನ್ನ ನೋಡಿ ಗಾಜು ಇಳಿಸಬೇಡ ಕಣೇ, ವಾಸನೆ ಒಳಗೆ ಬಂದೀತು" ಎಂದಳು. ಎಲ್ಲರೂ ನಕ್ಕರು.

ಮನೆಯಲ್ಲಿ ಅವಳ ಅಮ್ಮ ನಗಲಿಲ್ಲ. ಅಮ್ಮನೂ ಅದೇ ತೊಟ್ಟಿಯಲ್ಲಿ ಆಯುಷ್ಯ ಕಳೆದವಳು.

"ಹೆಸರು ಬರ್ಕೊಂಡ್ರಾ?" ಎಂದು ಕೇಳಿದಳು.

"ಇಲ್ಲ."

"ಸಂಬಳದ ಮಾತು?"

"ಅದನ್ನ ಮಾಲೀಕರ ಹತ್ರ ಆಡಿದಾರಂತೆ."

"ನಿನ್ನ ಕೆಲಸದ ಮಾತು ನಿನ್ನ ಹತ್ರ ಆಡದೆ ಅವನ ಹತ್ರ ಆಡಿದ್ರೆ, ಅವರು ಕರೀತಿರೋದು ನಿನ್ನನ್ನಲ್ಲ ಬಿಡು."

"ನೀನು ಎಲ್ಲದರಲ್ಲೂ ಹುಳುಕೇ ಹುಡುಕ್ತೀಯಮ್ಮ."

"ನಲವತ್ತು ವರ್ಷ ಕಲೆ ಹುಡುಕಿದ ಕಣ್ಣು ಇದು. ಏನು ಮಾಡ್ಲಿ."

ಅಮ್ಮನ ಅನುಮಾನ ಅವಳದೂ ಆಗಿತ್ತು. ಆದರೂ ಗುರುವಾರ ಹೋಗಬೇಕು ಅನ್ನಿಸಿತ್ತು. ಪುಸ್ತಕದಲ್ಲಿ ತಾನಿದ್ದ ಒಂದೇ ಒಂದು ಜಾಗ ಅದು. ಅಲ್ಲಿ ಇನ್ನೊಬ್ಬರು ಹೋಗಿ ಕೂರುವುದನ್ನು ಹೋಗದೆಯೇ ಒಪ್ಪಿಕೊಳ್ಳುವುದು ಹೇಗೆ?

ಗುರುವಾರ ಇದ್ದುದರಲ್ಲಿ ಒಳ್ಳೆಯ ಉಡುಪು, ತುಂಬು ತೋಳಿನದು, ಹಾಕಿಕೊಂಡು ಹೋದಳು. ದೊಡ್ಡ ಶೆಡ್ಡು. ನಡೆ ಎಂದರು, ನಡೆದಳು. ಬಟ್ಟೆಯ ಗಂಟು ಎತ್ತು ಎಂದರು, ಎತ್ತಿದಳು. ಬಗ್ಗಿ ಹಿಂಡು ಎಂದರು, ಹಿಂಡಿದಳು. ಎಲ್ಲವನ್ನೂ ಕ್ಯಾಮೆರಾದಲ್ಲಿ ಹಿಡಿದುಕೊಂಡರು. ಒಂದು ಕಡೆ ಕುರ್ಚಿಯಲ್ಲಿ ಬೆಳ್ಳಗಿನ ಹುಡುಗಿಯೊಬ್ಬಳು ಕೂತು ಅವಳನ್ನೇ ನೋಡುತ್ತಿದ್ದಳು. ಇವಳು ಸೊಂಟ ತಿರುಗಿಸಿ ಗಂಟು ಎತ್ತಿದಾಗ ಆ ಹುಡುಗಿ ಕೂತಲ್ಲೇ ತನ್ನ ಸೊಂಟವನ್ನು ಸ್ವಲ್ಪ ತಿರುಗಿಸಿದಳು. ಅದನ್ನು ಕಂಡಾಗಲೇ ಇವಳಿಗೆ ಅರ್ಧ ಗೊತ್ತಾಯಿತು. ಆ ಮುಖ ಊರಿನ ಗೋಡೆಗಳ ಮೇಲೆಲ್ಲ ಇತ್ತು.

ಆಮೇಲೆ ಮೇಕಪ್ಪಿನವರು ಬಂದರು. ವಯಸ್ಸಾದವರು, ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಮಾತು ಕಮ್ಮಿ. ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ನಿರ್ದೇಶಕರು ಹಿಂದಿನಿಂದ, "ಇಷ್ಟು ಬೇಡ ಮೇಷ್ಟ್ರೇ. ಇಷ್ಟು ಕಪ್ಪಾದರೆ ಜನ ಹತ್ತಿರ ಬರಲ್ಲ. ಮುಖದ ಭಾವ ಕಾಣಲ್ಲ" ಎಂದರು. ಅವಳು ಅಲ್ಲೇ ಕೂತಿದ್ದಳು. ಅವಳಿಗೆ ಕೇಳಿಸುತ್ತದೆ ಎಂದು ಯಾರಿಗೂ ಹೊಳೆದ ಹಾಗೆ ಕಾಣಲಿಲ್ಲ.

ಮೇಷ್ಟ್ರು ಅವಳ ತೋಳಿನ ಬಟ್ಟೆ ಮೇಲಕ್ಕೆ ಸರಿಸಿದರು. ಅದು ಮೊಣಕೈಗೆ ಬಂದು ನಿಂತಿತು.

ನಿರ್ದೇಶಕರು ಬಗ್ಗಿ ಮುಂಗೈ ನೋಡಿದರು. "ಹಾಂ. ಇದು. ಇದೇ ಬಣ್ಣ. ಇಷ್ಟು ಕಪ್ಪು ಸಾಕು."

ತೊಟ್ಟಿಯಲ್ಲಿ ಸುಟ್ಟ ಚರ್ಮ ಅದು ಎಂದು ಹೇಳಬೇಕೆಂದು ಅವಳಿಗೆ ಅನ್ನಿಸಿತು. ಹೇಳಲಿಲ್ಲ. ಹನ್ನೊಂದು ವರ್ಷ ಅವಳ ಮೈಯಿಂದ ಏನನ್ನು ಕಿತ್ತಿತ್ತೋ, ಅದೆಲ್ಲ ಹೋಗಿ ಉಳಿದದ್ದು ಇವರಿಗೆ ಇಷ್ಟವಾಗಿತ್ತು.

ವಿಷಯ ಬಿಡಿಸಿ ಹೇಳಿದವರು ಮ್ಯಾನೇಜರು. ಪಾತ್ರ ನಾಯಕಿಯದು. ಬಣ್ಣ ಇವಳದು. ನಿರ್ದೇಶಕರಿಗೆ ಡಬ್ಬಿಯ ಬಣ್ಣ ಆಗದು. ದಿನಾ ಬೆಳಿಗ್ಗೆ ಜೀವಂತ ಚರ್ಮಕ್ಕೆ ಹೊಂದಿಸಿ ಬಣ್ಣ ಕಲಸಬೇಕು. ಅದಕ್ಕೆ ಇವಳು ಎರಡು ತಿಂಗಳು ದಿನಾ ಬಂದು ಕೈ ಕೊಡಬೇಕು, ಅಲ್ಲಿಯವರೆಗೆ ಇವಳಿಗೆ ತೊಟ್ಟಿಯ ಕೆಲಸ ಇಲ್ಲ. ಲಾಂಡ್ರಿಯನ್ನೇ ಚಿತ್ರೀಕರಣಕ್ಕೆ ಬಾಡಿಗೆಗೆ ತಗೊಂಡಿದ್ದಾರೆ. ಹಳೆಯ ಕಟ್ಟಡ, ಹಳೆಯ ತೊಟ್ಟಿ, ಎಲ್ಲ ಕಥೆಗೆ ಸರಿಹೋಗುತ್ತದೆ. ಉಳಿದ ಹೆಂಗಸರು ಗುಂಪಿನಲ್ಲಿ ನಿಲ್ಲುತ್ತಾರೆ, ಚಿತ್ರೀಕರಣ ಮುಗಿದ ಮೇಲೆ ರಾತ್ರಿ ಪಾಳಿಯಲ್ಲಿ ಎಂದಿನಂತೆ ಒಗೆಯುತ್ತಾರೆ.

"ಒಲ್ಲೆ ಅಂದ್ರೆ?" ಎಂದಳು.

"ಮಾಲೀಕರು ಒಪ್ಪಿಯಾಗಿದೆಯಲ್ಲಮ್ಮ" ಎಂದರು ಮ್ಯಾನೇಜರು. ಅವಳು ಒಲ್ಲೆ ಎನ್ನುವುದಕ್ಕೂ ಅದಕ್ಕೂ ಏನೋ ಸಂಬಂಧ ಇರುವ ಹಾಗೆ.

ಸುದ್ದಿ ಕೇಳಿದ ಚಿಕ್ಕಮ್ಮ, "ಅಂದ್ರೆ ನಿನ್ನ ಕೈ ಮಾತ್ರ ಕಾರಲ್ಲಿ ಹೋಗತ್ತಾ?" ಎಂದಳು. ಈ ಸಲ ಯಾರೂ ನಗಲಿಲ್ಲ.

ದಿನಾ ಬೆಳಿಗ್ಗೆ ಏಳಕ್ಕೆ ಇಸ್ತ್ರಿ ಮನೆಯಲ್ಲಿ ಎರಡು ಕುರ್ಚಿ. ಒಂದರಲ್ಲಿ ನಾಯಕಿ, ಕಣ್ಣು ಮುಚ್ಚಿಕೊಂಡು. ಇನ್ನೊಂದರಲ್ಲಿ ಇವಳು, ಟವೆಲ್ ಮೇಲೆ ಮುಂಗೈ ಇಟ್ಟುಕೊಂಡು. ನಡುವೆ ಮೇಷ್ಟ್ರು ಪಿಂಗಾಣಿ ತಟ್ಟೆಯಲ್ಲಿ ಬಣ್ಣ ಕಲಸುವರು. ಕಲಸಿದ್ದನ್ನು ಮೊದಲು ಇವಳ ಮಣಿಕಟ್ಟಿನ ಮೇಲೆ ಒಂದು ಬೊಟ್ಟು ಇಡುವರು. ಬೊಟ್ಟು ಚರ್ಮದಲ್ಲಿ ಮುಳುಗಿ ಕಾಣದೆ ಹೋದರೆ ಬಣ್ಣ ಸರಿಯಾಯಿತು ಎಂದರ್ಥ. ಆಮೇಲೆ ಅದು ನಾಯಕಿಯ ಮುಖಕ್ಕೆ, ಕುತ್ತಿಗೆಗೆ, ಕೈಗೆ.

ನಾಯಕಿ ಕೆಟ್ಟವಳಲ್ಲ. ಒಂದು ದಿನ ಕಣ್ಣು ತೆರೆದು, "ನಿಮ್ಮ ನಡಿಗೆ ನನಗೆ ಬರ್ತಾನೇ ಇಲ್ಲ ನೋಡಿ" ಎಂದಳು.

"ಸೊಂಟ ನೋಯಬೇಕು ಮೇಡಂ. ಆಮೇಲೆ ತಾನಾಗೇ ಬರುತ್ತೆ" ಎಂದಳು ಇವಳು.

ಪೇಪರಿನವರು ಬಂದರು. ನಿರ್ದೇಶಕರು ತಟ್ಟೆಯನ್ನೂ ಕುಂಚವನ್ನೂ ತೋರಿಸಿ, ಮೂಲ ಕೃತಿಗೆ ಇಷ್ಟು ನಿಷ್ಠೆಯಿಂದ ಯಾರೂ ಚಿತ್ರ ತೆಗೆದಿಲ್ಲ ಎಂದರು. "ಬೇರೆಯವರು ಬಣ್ಣ ಬಳೀತಾರೆ. ನಾವು ಸತ್ಯವನ್ನೇ ಬಳೀತೀವಿ." ಫೋಟೋ ತೆಗೆದಾಗ ನಾಯಕಿ, ಮೇಷ್ಟ್ರು, ತಟ್ಟೆ ಬಂದವು. ಕೆಳಗಿನ ಮೂಲೆಯಲ್ಲಿ ಟವೆಲ್ ಮೇಲೆ ಒಂದು ಮುಂಗೈಯೂ ಬಂದಿತ್ತು. ಅಮ್ಮ ಪೇಪರು ಕಣ್ಣಿನ ಹತ್ತಿರ ಹಿಡಿದು, "ನಿನ್ನನ್ನ ಗುರುತು ಹಿಡಿದೆ" ಎಂದಳು.

ಮೂರನೆಯ ವಾರ ಗುಂಪಿನ ದೃಶ್ಯ. ಹೆಂಗಸರೆಲ್ಲ ತಮ್ಮ ತೊಟ್ಟಿಯ ಮುಂದೆ ತಾವೇ ನಿಂತರು. ಬೂದು ಏಪ್ರನ್, ಎರಡು ಜೇಬು, ದಿನಾ ಹಾಕುವಂಥದ್ದೇ. ನಡುವೆ ನಾಯಕಿ ಬಂದು ನಿಂತಳು. ಕ್ಯಾಮೆರಾದವರು ನೋಡಿ ಹಣೆ ಚಚ್ಚಿಕೊಂಡರು. ಪುಸ್ತಕದಲ್ಲಿ ಎಲ್ಲರಿಗಿಂತ ಕಪ್ಪಾಗಿದ್ದವಳು ಇಲ್ಲಿ ಎಲ್ಲರಿಗಿಂತ ಬೆಳ್ಳಗೆ ಕಾಣುತ್ತಿದ್ದಳು.

ನಾಯಕಿಯ ಬಣ್ಣ ಗಾಢ ಮಾಡುತ್ತಾರೆ ಎಂದು ಇವಳು ಕಾದಳು. ಮ್ಯಾನೇಜರು ಬಂದು ಹೆಂಗಸರ ಮುಖಕ್ಕೆ ಪೌಡರ್ ಹಚ್ಚಿಸಿದರು. ಅಷ್ಟಕ್ಕೂ ಸರಿಹೋಗದವರನ್ನು ಕಂಬದ ಹಿಂದೆ ನಿಲ್ಲಿಸಿದರು.

"ಇಪ್ಪತ್ತೆಂಟು ವರ್ಷದಿಂದ ಇದೇ ಜಾಗದಲ್ಲಿ ನಿಂತಿದ್ದೀನಿ ಸ್ವಾಮಿ. ಇವತ್ತು ನನ್ನಿಂದ ತೊಟ್ಟಿಗೇನಾಯ್ತು?" ಎಂದಳು ಚಿಕ್ಕಮ್ಮ, ಕಂಬದ ಹಿಂದಿನಿಂದ.

"ಸ್ವಲ್ಪ ಸಹಕರಿಸಿ ಅಮ್ಮ. ಕಲೆ ಇದು."

"ಕಲೆ ತೆಗೆಯೋದೇ ನಮ್ಮ ಕೆಲಸ" ಎಂದಳು ಚಿಕ್ಕಮ್ಮ, ಪೌಡರು ಮೂಗಿಗೆ ಹೋಗಿ ಸೀನುತ್ತ.

ಆ ಹೊತ್ತಿಗೆ ಇನ್ನೊಂದು ಸಂಗತಿ ಶುರುವಾಗಿತ್ತು. ಅದನ್ನು ಮೊದಲು ಕಂಡವಳು ಅಮ್ಮ. ಒಂದು ಭಾನುವಾರ ಮಗಳ ಕೈ ಹಿಡಿದು ಕಿಟಕಿಯ ಹತ್ತಿರ ಎಳೆದಳು.

"ಇದೇನೇ, ಕೈ ವಾಪಸ್ ಬರ್ತಿದೆ?"

ಹೌದು. ಮೂರು ವಾರದಿಂದ ತೊಟ್ಟಿಗೆ ಕೈ ಹಾಕಿರಲಿಲ್ಲ. ಸುಲಿಯುವುದು ನಿಂತಿತ್ತು. ಮೊಣಕೈಯಿಂದ ಕಪ್ಪು ನಿಧಾನವಾಗಿ ಕೆಳಗೆ ಇಳಿಯುತ್ತಿತ್ತು. ಅಂಗೈಯಲ್ಲಿ ಒಂದೆರಡು ಗೆರೆ ಕಾಣತೊಡಗಿದ್ದವು. ಅವತ್ತು ಹನ್ನೊಂದು ವರ್ಷದ ಮೇಲೆ ಮೊದಲ ಸಲ ಅವಳು ಕೈಯಲ್ಲಿ ಕಲಸಿ ಊಟ ಮಾಡಿದಳು. ಖಾರ ಮುಟ್ಟಿದರೂ ಉರಿಯಲಿಲ್ಲ. ಅಮ್ಮ ಎದುರು ಕೂತು ಅವಳ ಬೆರಳುಗಳನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಎಂದಿನಂತೆ ಟವೆಲ್ ಮೇಲೆ ಕೈ ಇಟ್ಟಳು. ಮೇಷ್ಟ್ರು ಬೊಟ್ಟು ಇಟ್ಟರು. ಬೊಟ್ಟು ಮುಳುಗಲಿಲ್ಲ, ಮಾಸಲಾಗಿ ಎದ್ದು ಕಂಡಿತು. ಅವರು ಹೆಬ್ಬೆರಳಿನಿಂದ ಅವಳ ಮುಂಗೈಯನ್ನು ಮೆಲ್ಲಗೆ ಒತ್ತಿದರು. ಅವಳ ಮುಖ ನೋಡಿದರು.

"ಈಚೆಗೆ ಬಿಸಿಲು ಜಾಸ್ತಿ, ಅಲ್ವಾ?" ಎಂದರು.

ಹೊರಗೆ ನಾಲ್ಕು ದಿನದಿಂದ ಮೋಡ ಕವಿದಿತ್ತು.

"ಹೌದು ಮೇಷ್ಟ್ರೇ. ಜಾಸ್ತಿ" ಎಂದಳು.

ಅವರು ತಟ್ಟೆಗೆ ಇನ್ನೊಂದು ಚೂರು ಕಪ್ಪು ಸೇರಿಸಿ ಕಲಸಿದರು. ಬೊಟ್ಟು ಮುಳುಗಿತು. ಅವತ್ತಿನಿಂದ ದಿನಾ ಒಂದು ಚೂರು. ಅವರು ಯಾಕೆ ಹಾಗೆ ಮಾಡಿದರೋ ಅವಳಿಗೆ ತಿಳಿಯಲಿಲ್ಲ. ಕೆಲಸದ ಶಿಸ್ತೇ, ಬೇರೇನಾದರೂ ಇತ್ತೇ? ಆ ಮನುಷ್ಯನ ಮೇಲೂ ಅವಳಿಗೆ ಅನುಮಾನವಿತ್ತು. ಒಳ್ಳೆಯವರ ಮೇಲೆ ಅನುಮಾನಪಡುವುದು ಇನ್ನೂ ಕಷ್ಟ. ಕೇಳಿದರೆ ನಿಂತುಹೋದೀತು ಎಂದು ಕೇಳಲಿಲ್ಲ. ದಿನಕ್ಕೊಂದು ಚೂರಿನಂತೆ ನಾಯಕಿ ಪುಸ್ತಕದ ಎರಡನೆಯ ಸಾಲಿನ ಕಡೆಗೆ ಸರಿಯುತ್ತಿದ್ದಳು. ದಿನಾ ನೋಡುವವರಿಗೆ ಅದು ಕಾಣುತ್ತಿರಲಿಲ್ಲ.

ಏಳನೆಯ ವಾರ ಕಂಡಿತು. ಅಲ್ಲಿಯವರೆಗೆ ತೆಗೆದದ್ದನ್ನೆಲ್ಲ ಜೋಡಿಸಿ ನೋಡಿದರಂತೆ. ನಾಯಕಿ ಬಾಗಿಲಾಚೆ ಒಂದು ಬಣ್ಣ, ಬಾಗಿಲು ದಾಟಿ ಒಳಗೆ ಬಂದರೆ ಇನ್ನೊಂದು ಬಣ್ಣ. ಮಧ್ಯಾಹ್ನದ ಹೊತ್ತಿಗೆ ನಿರ್ದೇಶಕರ ಕೂಗಾಟ ಬಾಯ್ಲರ್ ಮನೆಯವರೆಗೆ ಕೇಳುತ್ತಿತ್ತು.

"ಮೇಷ್ಟ್ರೇ, ನಿಮಗೆ ಕಣ್ಣಿಲ್ವಾ?"

"ನೀವು ಕೈಗೆ ಹೊಂದಿಸು ಅಂದ್ರಿ. ಕೈಗೆ ಹೊಂದಿಸಿದೆ" ಎಂದರು ಮೇಷ್ಟ್ರು. ಅಷ್ಟೇ.

ಎಲ್ಲರೂ ಅವಳ ಕೈ ನೋಡಿದರು. ಅದು ಮೊಣಕೈಗೂ ಬೆರಳಿಗೂ ಹೆಚ್ಚು ಭೇದವಿಲ್ಲದೆ ಕಪ್ಪಾಗಿತ್ತು. ತಪ್ಪು ಮಾಡಿ ಸಿಕ್ಕಿಬಿದ್ದವಳನ್ನು ನೋಡುವ ಹಾಗೆ ನೋಡಿದರು.

"ಏನಮ್ಮ ಹಚ್ಕೊಂಡೆ?" ಎಂದರು ಮ್ಯಾನೇಜರು.

"ಏನೂ ಹಚ್ಚಿಲ್ಲ. ತೊಟ್ಟಿಗೆ ಹಾಕಿಲ್ಲ."

ಲಾಂಡ್ರಿಯ ಮಾಲೀಕರಿಗೆ ಥಟ್ಟನೆ ಹೊಳೆಯಿತು. ಕಷ್ಟದ ಲೆಕ್ಕ ಬಿಡಿಸಿದ ಹುಡುಗನ ಹಾಗೆ ಅವರ ಮುಖ ಅರಳಿತು. "ಅಯ್ಯೋ, ಇಷ್ಟೇನಾ. ಒಂದು ವಾರ ತೊಟ್ಟಿಗೆ ಹಾಕಿದ್ರೆ ಮೊದಲಿನ ಹಾಗೇ ಆಗುತ್ತೆ ಸರ್. ಚೆನ್ನಾಗಿ ಗಟ್ಟಿ ಕಲಸಿದ್ರೆ ಒಂದೇ ಗಂಟೆ ಸಾಕು."

ನಿರ್ದೇಶಕರು ಕ್ಷಣ ಹೊತ್ತು ಅವಳ ಕಡೆ ನೋಡಲಿಲ್ಲ. ಆಮೇಲೆ, "ಅವರಿಗೆ ತೊಂದರೆ ಇಲ್ಲ ಅಂದ್ರೆ" ಎಂದರು.

ಮಾರನೆಯ ದಿನ ಕಡೆಯ ದೃಶ್ಯ ತೆಗೆಯುವುದಿತ್ತು. ನಾಯಕಿ ಅಂಗಳದಲ್ಲಿ ನಿಂತು ಕೈ ತೋರಿಸುವ ದೃಶ್ಯ. ಅಂಗಳದ ತುಂಬ ದೀಪಗಳು, ಹಳಿಯ ಮೇಲೆ ಕ್ಯಾಮೆರಾ, ಒಂದು ಬದಿಗೆ ಇಸ್ತ್ರಿ ಮನೆಯಿಂದ ತಂದ ಎರಡು ಕುರ್ಚಿ. ತೊಟ್ಟಿಯ ಹೆಂಗಸರೆಲ್ಲ ಏಪ್ರನ್ ಹಾಕಿಕೊಂಡು ಸಾಲಾಗಿ ನಿಂತಿದ್ದರು, ಮುಖಕ್ಕೆ ಪೌಡರು ಬಳಿದುಕೊಂಡು. ಉಳಿದಿದ್ದ ಹಳೆಯ ಬಣ್ಣವನ್ನು ನಾಯಕಿಯ ಒಂದು ಕೈಗೆ ಮಾತ್ರ ಬಳಿದಾಗಿತ್ತು. ಅದು ಸರಿಯೋ ತಪ್ಪೋ ಎಂದು ಯಾರಿಗೂ ಖಾತ್ರಿಯಿರಲಿಲ್ಲ. ಮೇಷ್ಟ್ರು ತಟ್ಟೆ ಹಿಡಿದು ಕಾಯುತ್ತಿದ್ದರು.

ಮ್ಯಾನೇಜರು ಒಂದು ಬಕೆಟ್ ತಂದು ಅವಳ ಕುರ್ಚಿಯ ಪಕ್ಕ ಇಟ್ಟರು. ಬ್ಲೀಚಿಂಗ್ ನೀರು. ಗಟ್ಟಿಯಾಗಿಯೇ ಕಲಸಿದ್ದರು, ಹತ್ತಿರ ನಿಂತವರ ಕಣ್ಣಲ್ಲಿ ನೀರು ಬಂತು. ನಾಯಕಿ ಮೂಗು ಮುಚ್ಚಿಕೊಂಡು, "ಏನಿದು?" ಎಂದಳು.

"ನಿಮ್ಮ ಬಣ್ಣ ಮೇಡಂ" ಎಂದಳು ಇವಳು.

ನಾಯಕಿ ಬಕೆಟ್ ನೋಡಿದಳು, ಇವಳ ಕೈ ನೋಡಿದಳು, ತನ್ನ ಬಳಿದ ಕೈ ನೋಡಿಕೊಂಡಳು. ಆಮೇಲೆ ನಿರ್ದೇಶಕರ ಕಡೆ ತಿರುಗಿ ನೋಡಿದಳು.

"ಹೊತ್ತಾಗ್ತಿದೆಯಮ್ಮ. ಅದ್ದು" ಎಂದರು ಮ್ಯಾನೇಜರು.

ಅವಳು ತುಂಬು ತೋಳಿನ ಬಟ್ಟೆಯನ್ನು ಮೇಲಕ್ಕೆ ಸರಿಸತೊಡಗಿದಳು. ಮಣಿಕಟ್ಟು ದಾಟಿತು. ಮೊಣಕೈ ದಾಟಿತು. ಅಲ್ಲಿ ನಿಲ್ಲಿಸಲಿಲ್ಲ. ಹೆಗಲಿನವರೆಗೆ ಸರಿಸಿ, ಆ ತೋಳನ್ನು ಮೇಷ್ಟ್ರ ಮುಂದಿನ ಟವೆಲ್ ಮೇಲೆ ಇಟ್ಟಳು.

"ಇದು ನನ್ನ ಬಣ್ಣ. ಹೊಂದಿಸೋದಾದ್ರೆ ಇದಕ್ಕೆ ಹೊಂದಿಸಿ. ಬಕೆಟ್‌ಗೆ ಕೈ ಹಾಕಲ್ಲ."

ಅವಳ ಧ್ವನಿ ಏರಿರಲಿಲ್ಲ. ಮೇಷ್ಟ್ರ ಕುಂಚ ತಟ್ಟೆಯ ಮೇಲೆ ಅಲ್ಲೇ ನಿಂತಿತು. ಮಾಲೀಕರು ಮುಂದೆ ಬಂದು, "ನಾಳೆಯಿಂದ ಕೆಲಸಕ್ಕೆ ಬರೋ ಯೋಚನೆ ಇದೆಯಾ ಇಲ್ವಾ?" ಎಂದರು.

"ಬರ್ತೀನಿ. ಗ್ಲೌಸ್ ಕೊಟ್ರೆ."

ನಿರ್ದೇಶಕರು ಗಡಿಯಾರ ನೋಡಿಕೊಂಡರು. ಅವರಿಗೆ ಜಗಳ ಬೇಕಿರಲಿಲ್ಲ, ಬೆಳಕು ಬೇಕಿತ್ತು. "ಇವಳನ್ನ ಕಳಿಸಿ. ಬೇರೆ ಕೈ ತನ್ನಿ. ಇಷ್ಟು ಜನ ಇದ್ದಾರಲ್ಲ ಇಲ್ಲಿ."

ನಿಜ. ಇಷ್ಟು ಜನ ಇದ್ದರು. ಅಂಗಳದಲ್ಲಿ ನಿಂತ ಇಪ್ಪತ್ತು ಜೊತೆ ಕೈಗಳೂ ಅದೇ ತೊಟ್ಟಿಯಲ್ಲಿ ಸುಟ್ಟವು, ಅವರಿಗೆ ಬೇಕಾದ ಅದೇ ಬಣ್ಣದವು. ತಾನು ಒಲ್ಲೆ ಎಂದದ್ದಕ್ಕೆ ಇಷ್ಟೇ ಬೆಲೆ. ಯಾರಾದರೊಬ್ಬರು ಮುಂದೆ ಬರುತ್ತಾರೆ. ಬರಲಿ, ಅವರ ಮನೆಯಲ್ಲೂ ಒಲೆ ಉರಿಯಬೇಕು. ಅವಳು ಸಾಲಿನ ಕಡೆ ನೋಡಲಿಲ್ಲ. ನೋಡಿದರೆ ಯಾರು ಬಂದರು ಎಂದು ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ಅವರ ಪಕ್ಕ ಹೇಗೆ ನಿಲ್ಲುವುದು.

ಮ್ಯಾನೇಜರು ಸಾಲಿನ ಮುಂದೆ ಹೋಗಿ ನಿಂತರು. "ಎಲ್ಲಿ, ಕೈ ತೋರಿಸಿ."

ಒಂದು ಕೈಯೂ ಮುಂದೆ ಬರಲಿಲ್ಲ.

"ಕೈ ತೋರಿಸಿ ಅಂದೆ."

ಅವಳು ತಲೆ ಎತ್ತಿದಳು. ಚಿಕ್ಕಮ್ಮ ತನ್ನ ಎರಡು ಕೈಯನ್ನೂ ಏಪ್ರನ್ನಿನ ಜೇಬಿಗೆ ಇಳಿಸುತ್ತಿದ್ದಳು. ಅವಸರವಿಲ್ಲದೆ, ಚಳಿಗೆ ಇಳಿಸುವ ಹಾಗೆ. ಅವಳ ಪಕ್ಕದವಳು ನೋಡಿ ತಾನೂ ಇಳಿಸಿದಳು. ಆಮೇಲೆ ಅವಳ ಪಕ್ಕದವಳು. ಸಾಲಿನ ತುದಿಯಲ್ಲಿ, ಕಳೆದ ತಿಂಗಳು ತಾನೇ ಕೆಲಸಕ್ಕೆ ಸೇರಿ ಯಾರ ಮುಖವನ್ನೂ ನೇರ ನೋಡದಿದ್ದವಳು ಕೊಂಚ ಹೊತ್ತು ಅತ್ತಿತ್ತ ನೋಡಿದಳು. ಅವಳ ಕೈಗಳೂ ಜೇಬಿಗೆ ಹೋದವು.

"ಕೈ ಎಲ್ರಮ್ಮ?" ಎಂದರು ಮ್ಯಾನೇಜರು.

"ಯಾವ ಕೈ ಸ್ವಾಮಿ?" ಎಂದಳು ಚಿಕ್ಕಮ್ಮ. "ಮುಖ ಬೇಕಾದ್ರೆ ನೋಡಿ. ಅದು ಇಲ್ಲೇ ಇದೆ" ಎಂದು ಹೆಗಲು ಎತ್ತಿ ಕೆನ್ನೆಯ ಪೌಡರನ್ನು ಒರೆಸಿಕೊಂಡಳು. ಕೈ ಹೊರಗೆ ತೆಗೆಯಲಿಲ್ಲ.

ಪುಸ್ತಕದಲ್ಲಿ ಹಾಗಿರಲಿಲ್ಲ. ಎಂಟು ವರ್ಷ ಇಸ್ತ್ರಿ ಮನೆಯ ಮೇಜುಗಳ ಮೇಲೆ ಹಾಗೆ ಆಗಿರಲಿಲ್ಲ. ಅವಳು ಕುರ್ಚಿಯಿಂದ ಎದ್ದು, ತೋಳಿನ ಬಟ್ಟೆ ಕೆಳಗಿಳಿಸದೆ, ಹೋಗಿ ಚಿಕ್ಕಮ್ಮನ ಪಕ್ಕ ನಿಂತಳು. ಅವಳ ಉಡುಪಿಗೆ ಜೇಬಿರಲಿಲ್ಲ. ಚಿಕ್ಕಮ್ಮ ಸ್ವಲ್ಪ ಓರೆಯಾಗಿ ನಿಂತು ತನ್ನ ಜೇಬಿನ ಬಾಯಿ ಅಗಲಿಸಿದಳು. ಇವಳು ಒಂದು ಕೈಯನ್ನು ಅದರೊಳಗೆ ಇಳಿಸಿದಳು. ಒಳಗೆ ಚಿಕ್ಕಮ್ಮನ ಬೆರಳುಗಳು ಒರಟಾಗಿ, ಬಿಸಿಯಾಗಿದ್ದವು.

ಮಾಲೀಕರು ನಿರ್ದೇಶಕರ ಮುಖ ನೋಡಿದರು, ನಿರ್ದೇಶಕರು ಆಕಾಶ ನೋಡಿದರು. ಬಾಯ್ಲರಿನ ಚಿಮಣಿಯ ನೆರಳು ಅಂಗಳದಲ್ಲಿ ಹಳಿಯವರೆಗೆ ಬಂದಿತ್ತು. ನಡುವೆ ನಾಯಕಿ ನಿಂತಿದ್ದಳು, ಒಂದು ಕೈ ಬಳಿದದ್ದು, ಒಂದು ಕೈ ತನ್ನದು. ಮೇಷ್ಟ್ರು ಕುಂಚವನ್ನು ಕೆಳಗಿಟ್ಟು, ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತರು. ಅವರ ಮುಂದಿನ ತಟ್ಟೆಯಲ್ಲಿ ಬಣ್ಣ ಅಂಚಿನಿಂದ ಒಣಗಿ ಬಿರಿಯತೊಡಗಿತ್ತು.